ದೇವರಿಲ್ಲದವನ ಕೈಯ ಬೆಲ್ಲು

ನ್ಯಾಂಡೆರೊ ಪೇಟೆಯಲ್ಲಿ ಹಬಕ್ಕೂಕ್ ಓಪುಂಡೊನಷ್ಟು ಜನರ ಬಾಯಿ ಮುಚ್ಚಿಸಿದವನು ಇನ್ನೊಬ್ಬನಿಲ್ಲ. ಒಂಬತ್ತು ವರ್ಷದಲ್ಲಿ ಇಬ್ಬರು ಪಾದ್ರಿಗಳು, ಒಬ್ಬ ಬ್ಯಾಂಕ್ ಮ್ಯಾನೇಜರು, ಮೂವರು ನಿವೃತ್ತ ಗುಮಾಸ್ತರು, ಲೆಕ್ಕವಿಲ್ಲದಷ್ಟು ಮೀನುವ್ಯಾಪಾರಿಗಳು ಅವನೆದುರು ಅರ್ಧ ವಾಕ್ಯ ನುಂಗಿಕೊಂಡು ಕೂತಿದ್ದಾರೆ. ಅವನು ಬೈದದ್ದಿಲ್ಲ, ಹೊಡೆದದ್ದಿಲ್ಲ. ಹಲಗೆಯೊಂದಕ್ಕೆ ಸ್ಕ್ರೂ ಹಾಕಿ ಕೂರಿಸಿದ ಹಳೇ ಸೈಕಲ್ ಬೆಲ್ಲನ್ನು ಹೆಬ್ಬೆರಳಿನಿಂದ ಎರಡು ಸಲ ಒತ್ತುತ್ತಿದ್ದ, ಅಷ್ಟೇ. ಟ್ರಿಣ್ ಟ್ರಿಣ್ ಎಂದರೆ ನಿನ್ನ ಎರಡು ನಿಮಿಷ ಮುಗಿಯಿತು, ಇನ್ನು ಕೂತುಕೋ ಎಂದರ್ಥ.

ಬಸ್ ನಿಲ್ದಾಣಕ್ಕೂ ಮೀನುಕಟ್ಟೆಗೂ ನಡುವೆ ಒಂದು ಅತ್ತಿಮರವಿದೆ. ಅದರ ಕೆಳಗೆ ಸಂಜೆ ನಾಲ್ಕಕ್ಕೆ ಸೇರಿ ಆರಕ್ಕೆ ಚದುರುವ ಸಭೆಯ ಹೆಸರು ಬುಂಗೆ, ಅಂದರೆ ಪಾರ್ಲಿಮೆಂಟು. ನೈರೋಬಿಯ ಬುಂಗೆಗೆ ಗೋಡೆಯಿದೆ, ಚಾವಣಿಯಿದೆ, ಸಂಬಳವಿದೆ. ನಮ್ಮದಕ್ಕೆ ಮೂರೂ ಇಲ್ಲ. ಹಾಗಾಗಿ ಮಾತಿಗೆ ಜಾಗ ಜಾಸ್ತಿ. ಶುಕ್ರವಾರ ಮುಸ್ಲಿಮರಿಗೆ ಆಗುವುದಿಲ್ಲ, ಶನಿವಾರ ಆ ದಿನವೇ ಚರ್ಚಿಗೆ ಹೋಗುವ ಸಬ್ಬತ್ತಿನವರಿಗೆ ಆಗುವುದಿಲ್ಲ, ಭಾನುವಾರ ಉಳಿದವರಿಗೆ ಆಗುವುದಿಲ್ಲ. ದೇಶ ಉಳಿಸಲು ಸೋಮವಾರದಿಂದ ಗುರುವಾರದವರೆಗೆ ಮಾತ್ರ ಸಮಯ. ಸ್ಪೀಕರ್ ಸ್ಥಾನದಲ್ಲಿ ನಿವೃತ್ತ ಹೆಡ್‌ಮಾಸ್ತರ್ ಎರಾಸ್ಟೊ ಓಬುರ. ಊರಿಗೆಲ್ಲ ಅವರು ಮೇಷ್ಟ್ರು. ಕೈಯಲ್ಲಿ ಹಸುವಿನ ಬಾಲದ ಚೌರಿ, ತೊಡೆಯ ಮೇಲೆ ತಾವೇ ಬರೆದ ನೂರಾ ಹದಿನಾಲ್ಕು ನಿಯಮಗಳ ನೋಟ್‌ಬುಕ್ಕು. ಚೌರಿ ಒಮ್ಮೆ ಬೀಸಿದರೆ ಸಭೆ ಶುರು, ಎರಡು ಸಲ ಬೀಸಿದರೆ ಮುಕ್ತಾಯ, ಮೂರು ಸಲ ಬೀಸಿದರೆ ನೊಣ ಬಂದಿದೆ ಎಂದು ತಿಳಿಯಬೇಕು.

ಓಪುಂಡೊನದು ಮರದಿಂದ ಹತ್ತು ಹೆಜ್ಜೆ ದೂರದಲ್ಲಿ ಸೈಕಲ್ ರಿಪೇರಿ ಅಂಗಡಿ. ಅಂಗಡಿ ಎಂದರೆ ತಗಡಿನ ಒಂದು ಮಾಡು, ಒಂದು ಪಂಪು, ನೀರು ತುಂಬಿದ ಒಂದು ಬೋಗುಣಿ. ಟ್ಯೂಬನ್ನು ನೀರಿನಲ್ಲಿ ಅದ್ದಿ ಗುಳ್ಳೆ ಬರುವ ಜಾಗ ಹಿಡಿಯುವುದು ಅವನ ಕಸುಬು, ಜನರ ಮಾತನ್ನು ಅದ್ದಿ ಗುಳ್ಳೆ ಹಿಡಿಯುವುದು ಚಟ. ಐವತ್ತಮೂರು ವರ್ಷ, ಸಣಕಲು ಕಾಲು, ಅದಕ್ಕೆ ಹೊಂದದ ಹೊಟ್ಟೆ. ಹೆಸರು ಪ್ರವಾದಿಯದು, ಆಸಾಮಿ ನಾಸ್ತಿಕ.

ನಾಸ್ತಿಕನಾದದ್ದು ಓದಿ ಅಲ್ಲ. ಅವನ ತಾಯಿ ಮೂರು ಚರ್ಚುಗಳಲ್ಲಿ ಮೂರು ಸಲ ದೀಕ್ಷಾಸ್ನಾನ ಮಾಡಿಸಿಕೊಂಡವಳು. ಪಾಪ ಹೆಚ್ಚಾಗಿದ್ದರಿಂದಲ್ಲ, ಹಾಡು ಚೆನ್ನಾಗಿರುವ ಕಡೆಗೆ ಹೋಗುವುದು ಅವಳ ಸ್ವಭಾವ. ಅವಳು ತೀರಿಕೊಂಡಾಗ ಮೂರು ಚರ್ಚಿನವರೂ ನಮ್ಮವಳು ನಮ್ಮವಳು ಎಂದು ಬಂದು ಅಂಗಳದಲ್ಲಿ ಕೂತರು. ನಾಲ್ಕು ದಿನ ವಾದ ನಡೆಯಿತು, ಅವರ ಊಟಕ್ಕೆ ಎರಡು ಎತ್ತು ಹೋದವು. ಐದನೆಯ ದಿನ ಮೂರೂ ಕಡೆಯವರು ಒಂದೇ ಹೊತ್ತಿಗೆ ಮೂರು ಬೇರೆ ಬೇರೆ ಹಾಡು ಹಾಡಿ ಮಣ್ಣು ಮಾಡಿದರು. ಗುಂಡಿಯ ಅಂಚಿನಲ್ಲಿ ನಿಂತಿದ್ದ ಇಪ್ಪತ್ತೆರಡರ ಓಪುಂಡೊ, ಮೇಲೆ ಯಾರಾದರೂ ಕೇಳಿಸಿಕೊಳ್ಳುತ್ತಿದ್ದರೆ ಮೂವರಲ್ಲಿ ಇಬ್ಬರನ್ನಾದರೂ ಸುಮ್ಮನಿರಿಸುತ್ತಿದ್ದ ಎಂದುಕೊಂಡ. ಯಾರೂ ಸುಮ್ಮನಾಗಲಿಲ್ಲ. ಅಂದಿನಿಂದ ಅವನು ಯಾರ ಕಡೆಯವನೂ ಅಲ್ಲ.

ಊರು ಅವನನ್ನು ಕೈಬಿಡಲಿಲ್ಲ, ಸುಮ್ಮನೆ ಕೆಣಕುತ್ತಾ ಬಂತು. ಒಮ್ಮೆ ಟೈರಿಗೆ ಗಾಳಿ ಹೊಡೆಸಿಕೊಳ್ಳಲು ಬಂದ ಪಾದ್ರಿ, ದಿನವೂ ಗಾಳಿ ಮಾರುತ್ತೀಯ, ಗಾಳಿ ಕಣ್ಣಿಗೆ ಕಾಣುತ್ತದೇನಯ್ಯ, ದೇವರೂ ಹಾಗೆಯೇ ಎಂದರು. ಓಪುಂಡೊ ಪಂಪು ನಿಲ್ಲಿಸದೆ ಹೇಳಿದ: "ಗಾಳಿ ಹೋದ್ರೆ ಟೈರು ಚಪ್ಪಟೆ ಆಗುತ್ತೆ ಸ್ವಾಮಿ. ಮೂವತ್ತು ವರ್ಷ ಆಯ್ತು, ನಾನೇನಾದ್ರೂ ಚಪ್ಪಟೆ ಆಗಿದೀನಾ ನೋಡಿ." ಪಾದ್ರಿ ಅವನ ಹೊಟ್ಟೆಯನ್ನು ನೋಡಿ, ಗಾಳಿಯ ಕಾಸು ಕೊಟ್ಟು ಹೊರಟರು. ಈ ಕತೆಯನ್ನು ಓಪುಂಡೊ ವರ್ಷಕ್ಕೆ ಇನ್ನೂರು ಸಲ ಹೇಳುತ್ತಾನೆ.

ಬೆಲ್ಲು ಅವನ ಕೈಗೆ ಬಂದ ಬಗೆ ಹೀಗೆ. ನಮ್ಮ ಕಡೆ ಪ್ರಾರ್ಥನೆಯಿಲ್ಲದೆ ಮೇಕೆ ವ್ಯಾಪಾರವೂ ಶುರುವಾಗುವುದಿಲ್ಲ. ಬುಂಗೆ ಹೇಗೆ ಶುರುವಾದೀತು? ಆದರೆ ಪ್ರಾರ್ಥಿಸುವವರು ಯಾರು? ಕ್ಯಾಥೊಲಿಕರು, ಆಂಗ್ಲಿಕನರು, ಸಬ್ಬತ್ತಿನವರು, ಪೆಂತೆಕೋಸ್ತರು, ಬಿಳಿ ನಿಲುವಂಗಿಯ ರೋಹೊದವರು, ಮುಸ್ಲಿಮರು, ಹೀಗೆ ಆರು ಪಂಗಡ. ಒಂದು ದಿನ ಪೈಪೋಟಿಯಲ್ಲಿ ಪ್ರಾರ್ಥನೆಯೇ ಐವತ್ತು ನಿಮಿಷ ನಡೆದು, ಕೊನೆಗೆ ಊರಂಚಿನ ಸರೋವರದ ಕಡೆಯಿಂದ ಮಳೆ ಬಂದು, ಒಂದು ಮಾತೂ ಆಡದೆ ಸಭೆ ಚದುರಿತು. ನೆಂದ ನೋಟ್‌ಬುಕ್ಕನ್ನು ಎದೆಗವಚಿಕೊಂಡ ಮೇಷ್ಟ್ರು, "ಈ ಊರಲ್ಲಿ ಯಾರ ಕಡೆಯವನೂ ಅಲ್ಲದವನು ಒಬ್ಬನಾದ್ರೂ ಇದ್ದಾನೇನ್ರಯ್ಯ?" ಎಂದು ಕೂಗಿದರು. ಎಲ್ಲ ಬೆರಳುಗಳೂ ಬೋಗುಣಿಯಲ್ಲಿ ಟ್ಯೂಬು ಅದ್ದಿಕೊಂಡು ಕೂತವನ ಕಡೆ ತಿರುಗಿದವು.

ಆಗ ಬರೆದದ್ದು ನಲವತ್ತೊಂದನೆಯ ನಿಯಮ: ಬೆಲ್ಲು ಹಿಡಿಯುವವನಿಗೆ ಯಾವ ಪಕ್ಷವೂ ಯಾವ ಸಿದ್ಧಾಂತವೂ ಇರತಕ್ಕದ್ದಲ್ಲ. ಅದರ ಬೆನ್ನಿಗೆ ನಲವತ್ತೆರಡು: ಪ್ರತಿಯೊಂದು ಪಂಗಡಕ್ಕೂ ಸಿದ್ಧಾಂತಕ್ಕೂ ಸರದಿಯ ಮೇಲೆ ಸಭೆಯನ್ನು ಎರಡು ನಿಮಿಷದಲ್ಲಿ ಆರಂಭಿಸುವ ಹಕ್ಕಿದೆ. ಓಪುಂಡೊ ಮೊದಲ ಸಲ ಪ್ರಾರ್ಥನೆಯ ನಡುವೆ ಬೆಲ್ಲು ಬಾರಿಸಿದಾಗ ಸಿಡಿಲು ಬಡಿಯುತ್ತದೆಂದು ಜನ ಅವನಿಂದ ಎರಡು ಹೆಜ್ಜೆ ದೂರ ಸರಿದರು. ಸಿಡಿಲು ಬಡಿಯಲಿಲ್ಲ, ಪ್ರಾರ್ಥನೆ ಮುಗಿಯಿತು. ಆಮೇಲೆ ಭಕ್ತರೇ ಬಂದು ಅವನ ಕೈಕುಲುಕಿದರು.

ಇನ್ನೊಂದು ಸೌಲಭ್ಯವೂ ಆ ಕೆಲಸಕ್ಕಿತ್ತು. ಎಲ್ಲರೂ ಕಣ್ಣು ಮುಚ್ಚಿ ತಲೆ ತಗ್ಗಿಸಿದಾಗ ಗಡಿಯಾರ ನೋಡಬೇಕಾದ ಅವನೊಬ್ಬನ ಕಣ್ಣು ತೆರೆದಿರುತ್ತಿತ್ತು. ಯಾರು ಯಾರ ಕೈಯ ಮಂಡಾಜಿ ಎಂಬ ಕರಿದ ಬನ್ನು ಕಚ್ಚಿದರು, ಯಾರು ಹಳೇ ಚಪ್ಪಲಿ ಬಿಟ್ಟು ಹೊಸದರೊಳಕ್ಕೆ ಕಾಲು ತೂರಿಸಿದರು ಎಂಬ ಊರಿನ ಒಳಗುಟ್ಟೆಲ್ಲ ಅವನಿಗೆ ಗೊತ್ತಿತ್ತು. ಕಾವಲುಗಾರನಿಗೆ ಇರಬೇಕಾದ ಗಾಂಭೀರ್ಯ ತನಗೆ ಬಂದಿದೆಯೆಂದು ಅವನು ನಂಬಿದ್ದ. ಸಭೆಗೆ ಬರುವಾಗ ಎಣ್ಣೆಗೈ ಒರೆಸಿಕೊಂಡು, ಅಂಗಿಯ ಮೇಲಿನ ಗುಂಡಿ ಹಾಕಿಕೊಂಡು, ಹಲಗೆಯನ್ನು ಎರಡೂ ಕೈಯಲ್ಲಿ ಹೊತ್ತು ನಿಧಾನಕ್ಕೆ ನಡೆಯುತ್ತಿದ್ದ. ಹತ್ತು ಹೆಜ್ಜೆಗೆ ಎರಡು ನಿಮಿಷ ಹಿಡಿಯುತ್ತಿತ್ತು.

ಚುನಾವಣೆ ಬಂತು. ಗುರುವಾರ ವಾರ್ಡಿನ ಅಭ್ಯರ್ಥಿಗಳೆಲ್ಲ ಅತ್ತಿಮರದ ಕೆಳಗೆ ಬಂದು ಜನರೆದುರು ಉತ್ತರ ಕೊಡುತ್ತಾರೆ, ರೇಡಿಯೊದವರು ನೇರ ಪ್ರಸಾರ ಮಾಡುತ್ತಾರೆ ಎಂದು ಮೇಷ್ಟ್ರು ಸಾರಿದಾಗ ಪೇಟೆಗೆ ಜ್ವರ ಹತ್ತಿತು. ಮೀನುಕಟ್ಟೆಯ ಹೆಂಗಸರು ಬ್ಯಾಟರಿ ಕೊಂಡರು. ದರ್ಜಿಯ ಮುಂದೆ ಸಾಲು ನಿಂತಿತು, ರೇಡಿಯೊದಲ್ಲಿ ಅಂಗಿ ಕಾಣುವುದಿಲ್ಲವೆಂದು ಯಾರೂ ಯೋಚಿಸಲಿಲ್ಲ.

ಓಪುಂಡೊನಿಗೆ ಮೂರು ದಿನ ಊಟ ಸೇರಲಿಲ್ಲ. ಯಾಕೆಂದರೆ ಗುರುವಾರ ಬರುವವರಲ್ಲಿ ಹಾಲಿ ಸದಸ್ಯ ಮಾನ್ಯ ಬೊನಿಫೇಸ್ ಒಗಾಂಬಿಯೂ ಒಬ್ಬರು. ಮಾರುಕಟ್ಟೆಯ ನಲ್ಲಿ ಒಣಗಿ ಮೂರು ವರ್ಷವಾಗಿತ್ತು. ನಲ್ಲಿಯ ಸುದ್ದಿ ಎತ್ತಿದರೆ ಮಾನ್ಯರು ಲೋಕ ಸೃಷ್ಟಿಯಾದಲ್ಲಿಂದ ಶುರುಮಾಡಿ, ಮನುಷ್ಯರು ಹುಟ್ಟುವ ಹೊತ್ತಿಗೆ ಕತ್ತಲಾಗಿ, ನಲ್ಲಿ ಹುಟ್ಟುವ ಮೊದಲೇ ಹೊರಡುತ್ತಿದ್ದರು. ಒಮ್ಮೆ ಒಂದು ಸಾವಿನ ಮನೆಯಲ್ಲಿ ಅವರು ಮಾತು ಮುಗಿಸುವುದರೊಳಗೆ ಶವ ಹೊತ್ತವರು ಮೂರು ಸಲ ಹೆಗಲು ಬದಲಿಸಿದ್ದರು. ಆ ಬಾಯಿಗೆ ಈವರೆಗೆ ಯಾರೂ ಬೆಲ್ಲು ಬಾರಿಸಿರಲಿಲ್ಲ. ಓಪುಂಡೊ ಬೆಲ್ಲನ್ನು ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದ, ಸ್ಪ್ರಿಂಗಿಗೆ ಗ್ರೀಸು ಹಾಕಿದ, ಒರೆಸಿದ, ಮತ್ತೆ ಒರೆಸಿದ. ಒಂಬತ್ತು ವರ್ಷ ಪಾದ್ರಿಗಳ ಮೇಲೂ ಮೀನುಗಾರರ ಮೇಲೂ ಪಳಗಿದ ಹೆಬ್ಬೆರಳು ಈ ಗುರುವಾರಕ್ಕೇ ಹುಟ್ಟಿದ್ದೆಂದು ಅವನಿಗೆ ಖಾತ್ರಿಯಾಗಿತ್ತು.

ಸೋಮವಾರ ಫೆಲಿಕ್ಸ್ ಓಸೆವೆ ಎದ್ದು ನಿಂತ. ಕೋರ್ಟಿನ ಹೊರಗೆ ಕೂತು ಅರ್ಜಿ ಬರೆಯುವವನು. ಕೋಟಿನ ಜೇಬಿನಲ್ಲಿ ಮೂರು ಪೆನ್ನು, ಅದರಲ್ಲಿ ಒಂದು ಬರೆಯುತ್ತಿತ್ತು. ಒಗಾಂಬಿಯ ಚುನಾವಣಾ ಕೆಲಸ ಅವನೇ ನೋಡಿಕೊಳ್ಳುತ್ತಿದ್ದ. ಅತಿ ವಿನಯದಿಂದ ನಲವತ್ತೊಂದನೆಯ ನಿಯಮ ಓದಿಸಿ, ನಾಸ್ತಿಕತೆಯೂ ಒಂದು ರಾಜಕೀಯ ಸಿದ್ಧಾಂತವೇ, ಆದ್ದರಿಂದ ಓಪುಂಡೊ ಬೆಲ್ಲು ಹಿಡಿಯುವುದು ನಿಯಮಬಾಹಿರ ಎಂದು ನಿರ್ಣಯ ಮಂಡಿಸಿದ. ಮೇಷ್ಟ್ರು ಕನ್ನಡಕ ಒರೆಸಿಕೊಂಡು ಎರಡು ನಿಯಮ ಹಿಂದೆ, ಮೂರು ನಿಯಮ ಮುಂದೆ ಓದಿ, ನಾಳೆ ಚರ್ಚೆ ಎಂದರು. ತಮ್ಮ ನೋಟ್‌ಬುಕ್ಕು ಕಡೆಗೂ ಒಬ್ಬರ ಕೆಲಸಕ್ಕೆ ಬಂತೆಂಬ ಆನಂದ ಅವರ ಮುಖದಲ್ಲಿ ಮುಚ್ಚಿಡಲಾಗಲಿಲ್ಲ.

ಮಂಗಳವಾರ ಮೂರೂವರೆಗೇ ಮರದ ಕೆಳಗೆ ಕಾಲಿಡಲು ಜಾಗವಿರಲಿಲ್ಲ. ಸೈಕಲ್ ಟ್ಯಾಕ್ಸಿಯವರು ಬಾಡಿಗೆ ಬಿಟ್ಟು ಸೀಟಿನ ಮೇಲೆ ನಿಂತಿದ್ದರು. ರೋಹೊದವರ ಪ್ರಾರ್ಥನೆಯಾಯಿತು, ಚೌರಿ ಬೀಸಿತು. ಫೆಲಿಕ್ಸ್ ಶುರುಮಾಡಿದ. ಸಿದ್ಧಾಂತವೆಂದರೇನು? ಒಂದು ಬಣ್ಣದ ಕನ್ನಡಕ; ಹಾಕಿಕೊಂಡರೆ ಲೋಕವೆಲ್ಲ ಅದೇ ಬಣ್ಣ. ಆಸ್ಪತ್ರೆಗೆ ಪಾದ್ರಿ ಬೇಡವೆಂದವರು ಯಾರು? ಪ್ರಮಾಣವಚನಕ್ಕೆ ಗ್ರಂಥ ಮುಟ್ಟಬೇಕಿಲ್ಲ ಎಂದವರು ಯಾರು? ಶಾಲೆಯ ಪ್ರಾರ್ಥನೆ ಕಾಲು ಗಂಟೆ ಸಾಕೆಂದು ಅರ್ಜಿ ಬರೆಸಲು ತನ್ನ ಬಳಿಯೇ ಬಂದವರು ಯಾರು? ಇದು ರಾಜಕೀಯವಲ್ಲದೆ ಪಂಕ್ಚರ್ ಹಾಕುವುದೇ?

ಓಪುಂಡೊ ಎದ್ದ. ಬೆಲ್ಲು ಅಂದಿನ ಮಟ್ಟಿಗೆ ಮೇಷ್ಟ್ರ ತೊಡೆಯ ಮೇಲಿತ್ತು. ಅವನ ಕಿವಿ ಕೆಂಪಾಗಿದ್ದರೂ ಮಾತು ತಣ್ಣಗಿತ್ತು. ದೇವರಿಲ್ಲವೆಂದವರಲ್ಲಿ ಎಲ್ಲವನ್ನೂ ಸರ್ಕಾರಕ್ಕೆ ಕೊಡು ಎನ್ನುವವರಿದ್ದಾರೆ, ಸರ್ಕಾರಕ್ಕೆ ಒಂದು ಕಾಸೂ ಕೊಡಬೇಡ ಎನ್ನುವವರೂ ಇದ್ದಾರೆ. ಇವರಿಬ್ಬರನ್ನೂ ಒಂದು ಬೆಂಚಿನಲ್ಲಿ ಕೂರಿಸಿದರೆ ಬೆಂಚೇ ಮುರಿಯುತ್ತದೆ. ಒಂದು ಸಂಗತಿ ಇಲ್ಲ ಅಂದಷ್ಟಕ್ಕೆ ನಲ್ಲಿಯ ಬಗ್ಗೆ, ರಸ್ತೆಯ ಬಗ್ಗೆ, ತೆರಿಗೆಯ ಬಗ್ಗೆ ಏನು ಹೇಳಿದಂತಾಯಿತು?

"ಸೈಕಲ್ಲೇ ಇಲ್ಲದೋನನ್ನ ಹಿಡ್ಕೊಂಡು, ನಿಂದು ಯಾವ ಕಂಪನಿ ಸೈಕಲ್ಲಪ್ಪ ಅಂತ ಕೇಳಿದ ಹಾಗಾಯ್ತು ಇದು" ಎಂದ.

ಟ್ಯಾಕ್ಸಿಯವರು ಸೀಟಿನ ಮೇಲೆ ಕುಣಿದರು. ಫೆಲಿಕ್ಸ್ ನಗುತ್ತಲೇ ಎದ್ದ.

"ಸೈಕಲ್ಲಿಲ್ಲದೋನು ತನ್ನ ಪಾಡಿಗೆ ನಡ್ಕೊಂಡು ಹೋಗ್ತಾನೆ ದೊಡ್ಡಪ್ಪ. ಅವನಿಗೆ ಸಿದ್ಧಾಂತ ಇಲ್ಲ, ಒಪ್ಪಿದೆ. ನೀವು ಹಾಗಲ್ಲ. ದಾರಿ ನಡುವೆ ನಿಂತು ಸೈಕಲ್ಲಲ್ಲಿ ಹೋಗೋರನ್ನೆಲ್ಲ ತಡೆದು, ಇಳಿ, ಅದು ಸೈಕಲ್ಲೇ ಅಲ್ಲ, ನಡಿ ಅಂತೀರಿ. ಅದಕ್ಕೇನಂತಾರೆ?"

ಸಭೆ ಊಹ್ ಎಂದಿತು. ಗುಳ್ಳೆ ಬಂದಿತ್ತು. ಓಪುಂಡೊನಿಗೆ ಅದು ಕಂಡಿತು, ತೇಪೆಯೂ ಸಿದ್ಧವಿತ್ತು. "ತಡೆದದ್ದು ಹೌದು. ಆದರೆ ತಡೆದದ್ದು ಓಪುಂಡೊ. ಸೈಕಲ್ ಇಲ್ಲದೇ ಇರೋದು ತಡೀಲಿಲ್ಲ. ನಾನು ಜಗಳಗಂಟ ಅಂತ ನಿರ್ಣಯ ತಗೊಂಡು ಬಾ, ನಾನೇ ಮೊದಲು ಕೈ ಎತ್ತುತೀನಿ" ಎಂದ. ನಗು ಮರದ ತುದಿಗೆ ಹತ್ತಿತು. ಮೇಷ್ಟ್ರು ಚೌರಿಯಲ್ಲಿ ಬಾಯಿ ಮುಚ್ಚಿಕೊಂಡರು. ಫೆಲಿಕ್ಸ್ ಮೂರು ಪೆನ್ನುಗಳನ್ನೂ ಒಂದೊಂದಾಗಿ ತೆಗೆದು ನೋಡಿ ಮತ್ತೆ ಸಿಕ್ಕಿಸಿಕೊಂಡ. ಅಲ್ಲಿಗೆ ಕೂತಿದ್ದರೆ ಓಪುಂಡೊ ಗೆದ್ದಿದ್ದ. ಬೆಲ್ಲು ಅವನದಾಗಿತ್ತು, ಗುರುವಾರ ಅವನದಾಗಿತ್ತು.

ಆದರೆ ನಮ್ಮ ಲುವೊ ಕುಲದ ಗಂಡಸು ಗೆದ್ದ ಮೇಲೆ ಸುಮ್ಮನೆ ಕೂರಲಾರ. ಮದುವೆಯಾಗಲಿ ಕುಣಿತವಾಗಲಿ, ಸಂಗೀತ ನಿಲ್ಲಿಸಿ ಎದ್ದು ನಿಂತು ತನ್ನನ್ನು ತಾನೇ ಬಿರುದು ಬಾವಲಿಗಳಿಂದ ಹೊಗಳಿಕೊಳ್ಳುವ ಪಾಕ್ರುವೊಕ್ ನಮ್ಮ ರಕ್ತದಲ್ಲಿದೆ. ಟ್ಯಾಕ್ಸಿಯವರಲ್ಲಿ ಒಬ್ಬ, "ಹೊಗಳ್ಕೊಳ್ಳಿ ಓಪುಂಡೊ, ಹೊಗಳ್ಕೊಳ್ಳಿ" ಎಂದು ಕೂಗಿದ. ಇನ್ನೊಬ್ಬ ಎಣ್ಣೆ ಡಬ್ಬಿ ಬಡಿದು ತಾಳ ಹಾಕಿದ. ಓಪುಂಡೊನ ಎದೆ ಪಂಪು ಹೊಡೆದಂತೆ ಉಬ್ಬಿತು. ಹೆಂಡತಿ ಡೋರ್ಕ ಪಕ್ಕದಲ್ಲಿ ಒಣಮೀನು ಹರಡಿಕೊಂಡು ಕೂತಿದ್ದವಳು, ಬೇಡ ಎಂದು ತಲೆಯಾಡಿಸಿದಳು. ಅವನು ಆಗಲೇ ಕೈ ಎತ್ತಿಯಾಗಿತ್ತು.

"ನಾನು ಓಪುಂಡೊ. ತೂತು ಎಲ್ಲಿದ್ರೂ ಹಿಡಿಯೋ ಮೊಸಳೆ ಕಣ್ಣಿನೋನು. ಗೆಮ್ ಸೀಮೆಯ ಅಳಿಯ. ಪಾದ್ರಿಗಳ ನಿದ್ದೆ ಕೆಡಿಸಿದ ಗೂಳಿ. ಈ ಸರೋವರದ ಸುತ್ತ ಇರೋ ದೇವರಿಲ್ಲದವರಿಗೆಲ್ಲ ನಾಯಕ, ಅವರ ದಂಡಿಗೆ ದಂಡನಾಯಕ."

ಚಪ್ಪಾಳೆಗೆ ಅತ್ತಿಕಾಯಿ ಉದುರಿದವು. ಚಪ್ಪಾಳೆ ನಿಲ್ಲುವವರೆಗೆ ಫೆಲಿಕ್ಸ್ ಕಾದ. ಆಮೇಲೆ ಕೈಕಟ್ಟಿಕೊಂಡು ಮೇಷ್ಟ್ರನ್ನು ಕೇಳಿದ: "ನಾಯಕ ಇದ್ದಾನೆ, ದಂಡು ಇದೆ. ಇನ್ನು ಪಕ್ಷ ಅನ್ನೋಕೆ ಏನು ಬೇಕು ಸ್ವಾಮಿ, ಬಾವುಟವೊಂದೇ ತಾನೇ?"

ಓಪುಂಡೊನಿಗೆ ಉತ್ತರ ಗೊತ್ತಿತ್ತು. ದಂಡಿನಲ್ಲಿ ಇದ್ದದ್ದು ತಾನು ಮತ್ತು ದನದ ಡಾಕ್ಟರು ಇಬ್ಬರೇ, ಡಾಕ್ಟರಿಗೆ ವರ್ಗವಾಗಿ ನಾಲ್ಕು ವರ್ಷವಾಯಿತು ಎನ್ನಬೇಕಿತ್ತು. ಅಷ್ಟು ಜನರೆದುರು, ಅಂಥ ಚಪ್ಪಾಳೆಯ ಮೇಲೆ, ಅದನ್ನು ಹೇಳಲು ನಾಲಿಗೆ ಏಳಲಿಲ್ಲ.

ನಮ್ಮಲ್ಲಿ ಮತವೆಂದರೆ ಸಾಲು ನಿಲ್ಲುವುದು. ಸಿದ್ಧಾಂತ ಹೌದು ಎನ್ನುವವರು ಮರದಿಂದ ಸರೋವರದ ಕಡೆ, ಅಲ್ಲ ಎನ್ನುವವರು ರಸ್ತೆಯ ಕಡೆ. ಅರವತ್ತೊಂದು, ನಲವತ್ತೆಂಟು. ಸರೋವರದ ಕಡೆಯ ಸಾಲಿನಲ್ಲಿ ಅವನಿಗೆ ಚಪ್ಪಾಳೆ ಹೊಡೆದವರೇ ಹೆಚ್ಚು. ಇಂಥ ದಂಡನಾಯಕನಿಗೆ ಪಕ್ಷವಿಲ್ಲವೆಂದರೆ ಅವಮಾನವಲ್ಲವೇ ಎಂಬುದು ಅವರ ಪ್ರೀತಿಯ ವಾದ.

ಬೆಲ್ಲಿಗೆ ಈಗ ಯಾರು? ಕ್ಯಾಥೊಲಿಕನ ಹೆಸರಿಗೆ ಸಬ್ಬತ್ತಿನವರು ಒಪ್ಪಲಿಲ್ಲ, ಸಬ್ಬತ್ತಿನವನ ಹೆಸರಿಗೆ ಪೆಂತೆಕೋಸ್ತರು ಒಪ್ಪಲಿಲ್ಲ, ಮುಸ್ಲಿಮರ ಹೆಸರಿಗೆ ಎಲ್ಲರೂ ಒಪ್ಪಿದರು, ಅವರು ಮಾತ್ರ ಈ ಜಗಳದಲ್ಲಿ ನಮಗೇನು ಕೆಲಸ ಎಂದು ಟೀ ಕುಡಿಯಲು ಹೋದರು. ಇನ್ನೊಬ್ಬ ನಾಸ್ತಿಕನನ್ನು ಹುಡುಕಿ ಎಂದು ಯಾರೋ ಅಂದರೆ, ಅವನೂ ಈಗ ಪಕ್ಷದವನೇ ಆಗುತ್ತಾನೆ ಎಂದು ಮೇಷ್ಟ್ರು ತಲೆ ಹಿಡಿದುಕೊಂಡರು. ಆರಕ್ಕೆ ಐದು ನಿಮಿಷವಿದ್ದಾಗ ಟೀ ಮಾರುವವಳು ಪರಿಹಾರ ಹೇಳಿದಳು: ಡೋರ್ಕ ಹಿಡಿಯಲಿ. ಹುಟ್ಟಿನಿಂದ ಸಬ್ಬತ್ತಿನವಳು, ಹಾಡಿನ ತಂಡದ ಮುಂದಾಳು, ಕಟ್ಟಿಕೊಂಡದ್ದು ನಾಸ್ತಿಕನನ್ನು. ಅರ್ಧ ಆ ಕಡೆ, ಅರ್ಧ ಈ ಕಡೆ, ತಕ್ಕಡಿ ಸಮ. ಈ ಲೆಕ್ಕದಲ್ಲಿ ತಪ್ಪು ಹುಡುಕುವಷ್ಟು ಶಕ್ತಿ ಯಾರಲ್ಲೂ ಉಳಿದಿರಲಿಲ್ಲ.

ಎಲ್ಲರೂ ಏಳುವಾಗ ಮೇಷ್ಟ್ರು ನೋಟ್‌ಬುಕ್ಕಿನ ಮೇಲೆ ಬೆರಳಿಟ್ಟು ಇನ್ನೊಂದು ಮಾತು ಹೇಳಿದರು. ನಾಸ್ತಿಕತೆ ಸಿದ್ಧಾಂತವಾದ ಮೇಲೆ ನಲವತ್ತೆರಡನೆಯ ನಿಯಮದಂತೆ ಅದಕ್ಕೂ ಸರದಿ ಬಂತು. ನಾಳೆ ಮುಸ್ಲಿಮರೊಂದಿಗೆ ಆರರ ಸುತ್ತು ಮುಗಿಯುತ್ತದೆ. ಗುರುವಾರ, ರೇಡಿಯೊದವರ ಎದುರು, ಸಭೆ ಆರಂಭಿಸುವವನು ಏಳನೆಯವನಾದ ಓಪುಂಡೊ. ಫೆಲಿಕ್ಸನ ಕೈಯಿಂದ ಒಂದು ಪೆನ್ನು ಕೆಳಗೆ ಬಿತ್ತು.

ಬುಧವಾರ ಓಪುಂಡೊ ಅಂಗಡಿ ತೆರೆಯಲಿಲ್ಲ. ಹನ್ನೊಂದು ಹಾಳೆ ಭಾಷಣ ಬರೆದ. ಬೆಲ್ಲು ಹೋದ ಸಂಕಟ ಒಂದು ಕಡೆ, ಇಡೀ ಜಿಲ್ಲೆಗೆ ಕೇಳಿಸುವಂತೆ ಎರಡು ನಿಮಿಷ ಸಿಕ್ಕಿದ ಉಬ್ಬು ಇನ್ನೊಂದು ಕಡೆ, ನಡುವೆ ಮೆಕ್ಕೆಜೋಳದ ಮುದ್ದೆ ಉಗಾಲಿಯ ತಟ್ಟೆ ತಣ್ಣಗಾಗುತ್ತಿತ್ತು. ಡೋರ್ಕ ಎದುರಿಗೆ ಬೆಲ್ಲು ಇಟ್ಟುಕೊಂಡು ಕೂತಳು. ಅವನು ಓದಿದ. ಅವಳು ಬಾರಿಸಿದಳು.

"ಇನ್ನೂ ನಿಮ್ಮ ಬಿರುದೇ ಮುಗಿದಿಲ್ಲ, ಅಪೊಂಡಿ ಅಪ್ಪ" ಎಂದಳು, ಎಂದಿನಂತೆ ಮಗಳ ಹೆಸರು ಹಿಡಿದು ಗಂಡನನ್ನು ಕರೆಯುತ್ತಾ.

"ನನಗೂ ಬಾರಿಸ್ತೀಯೇನೆ?"

"ನೀವು ನಮ್ಮ ಪಾದ್ರಿಗೇ ಬಾರಿಸಿದೋರು." ಎದ್ದು ತಟ್ಟೆಯನ್ನು ಅವನ ಹಾಳೆಗಳ ಮೇಲೆ ಸರಿಸಿದಳು. "ತಿನ್ನಿ. ನಾಳೆ ನಿಮ್ಮಿಂದ ನನ್ನ ಮಾನ ಹೋಗೋದು ಇದ್ದೇ ಇದೆ, ಹೊಟ್ಟೆ ತುಂಬಿರಲಿ." ಅನಂತರ, ಬೆಲ್ಲನ್ನು ತಿರುಗಿಸಿ ನೋಡುತ್ತಾ, ಎಲ್ಲರಿಗೂ ಬಾರಿಸಿಯೇನು, ದೇವರ ವಾಕ್ಯ ಓದುವಾಗ ಮಾತ್ರ ತನ್ನ ಕೈ ಏಳದು ಎಂದಳು. ಓಪುಂಡೊ ಹಾಳೆಯ ಮೇಲಿನ ಸಾರು ಒರೆಸುತ್ತಿದ್ದ, ಕಿವಿಗೆ ಹಾಕಿಕೊಳ್ಳಲಿಲ್ಲ.

ಗುರುವಾರ ಬಂತು. ಮುನ್ನೂರು ಜನ, ನೂರು ಸೈಕಲ್ಲು, ಮರದ ಕೊಂಬೆಗೆ ಕಟ್ಟಿದ ಎರಡು ಧ್ವನಿವರ್ಧಕ. ಮೈಕು ಹಿಡಿದ ರೇಡಿಯೊದವಳು ಬೆರಳಿನಲ್ಲಿ ಮೂರು, ಎರಡು, ಒಂದು ಎಣಿಸಿದಳು. ಮೇಷ್ಟ್ರು ಚೌರಿ ಬೀಸಿ ಆರಂಭಕ್ಕೆ ಓಪುಂಡೊನನ್ನು ಕರೆದರು. ಅವನು ಹನ್ನೊಂದು ಹಾಳೆಗಳೊಂದಿಗೆ ಮುಂದೆ ಬಂದು ತಲೆ ಎತ್ತಿದ.

ಮುನ್ನೂರು ಜನವೂ ಕಣ್ಣು ಮುಚ್ಚಿ ತಲೆ ತಗ್ಗಿಸಿದ್ದರು. ಒಂಬತ್ತು ವರ್ಷದ ಅಭ್ಯಾಸ. ಆರಂಭವೆಂದರೆ ಕಣ್ಣು ತಾನಾಗಿ ಮುಚ್ಚುತ್ತದೆ. ಎಲ್ಲ ಕಡೆಯವರೂ, ಟ್ಯಾಕ್ಸಿಯವರೂ, ಟೀಯವಳೂ, ಬೆಲ್ಲು ಮಡಿಲಲ್ಲಿಟ್ಟುಕೊಂಡ ಡೋರ್ಕಳೂ, ಎಲ್ಲರೂ ಅವನು ಪ್ರಾರ್ಥನೆ ಮಾಡಲೆಂದು ಕಾದಿದ್ದರು. ಓಪುಂಡೊನ ತಲೆಯಿಂದ ಹನ್ನೊಂದು ಹಾಳೆಯೂ ಜಾರಿ ಹೋದವು. ಬಾಯಿಗೆ ಬಂದದ್ದು ಇಷ್ಟೇ:

"ಅಯ್ಯೋ, ಕಣ್ಣು ಬಿಡ್ರಪ್ಪ. ನಮ್ಮಲ್ಲಿ ಕಣ್ಣು ಮುಚ್ಚೋದಿಲ್ಲ."

ಮುನ್ನೂರು ಜೊತೆ ಕಣ್ಣು ಒಟ್ಟಿಗೆ ತೆರೆದವು. ಎದುರಿಗೇ, ಅಭ್ಯರ್ಥಿಗಳ ಬೆಂಚಿನಲ್ಲಿ, ಫೆಲಿಕ್ಸ್ ಬಗ್ಗಿ ಒಗಾಂಬಿಯ ಅಂಗೈಗೆ ಚೀಟಿಗಳ ಒಂದು ಕಟ್ಟು ದಾಟಿಸುತ್ತಿದ್ದ. ಮೇಲಿನ ಚೀಟಿಯಲ್ಲಿ ದಪ್ಪ ಅಕ್ಷರದಲ್ಲಿ ಬೈಬಲ್ಲಿನ ಒಂದು ಕೀರ್ತನೆಯ ಸಂಖ್ಯೆ. ಮುಂದಿನ ಸಾಲಿನವರೆಲ್ಲ ಓದಿದರು. ಪ್ರಾರ್ಥನೆಯ ಹೊತ್ತಿನಲ್ಲಿ ನ್ಯಾಂಡೆರೊದಲ್ಲಿ ಏನೇನು ಕೈ ಬದಲಾಗುತ್ತದೆಂದು ಇಷ್ಟು ದಿನ ಒಬ್ಬನಿಗೇ ಗೊತ್ತಿತ್ತು. ಒಂದು ಪಿಸುಮಾತು ಹಿಂದಿನ ಸಾಲಿಗೆ ಅಲೆಯಂತೆ ಹೋಯಿತು. ಓಪುಂಡೊ ಕೂತ. ಎರಡು ನಿಮಿಷದಲ್ಲಿ ಐದೇ ಸೆಕೆಂಡು ಖರ್ಚಾಗಿತ್ತು. ಬುಂಗೆಯ ಇತಿಹಾಸದಲ್ಲೇ ಅತಿ ಚಿಕ್ಕ ಆರಂಭ. ಮೊದಲೇ ಯೋಚಿಸಿ ಮಾಡಿದ್ದೆಂದು ಅವನು ಈಗ ಹೇಳುತ್ತಾನೆ.

ಮೊದಲ ಪ್ರಶ್ನೆ ನಲ್ಲಿಯದು. ಎದುರಾಳಿಯಾಗಿ ನಿಂತಿದ್ದ ದಾದಿ ಒಂದೂವರೆ ನಿಮಿಷದಲ್ಲಿ ಪೈಪು ಎಲ್ಲಿ ಒಡೆದಿದೆ, ಸರಿಮಾಡಲು ಎಷ್ಟು ದಿನ ಬೇಕು ಎಂದು ಹೇಳಿ ಕೂತಳು. ಮಾನ್ಯರು ಎದ್ದರು. ನೀರಿನ ವಿಷಯ ಮಾತಾಡುವ ಮೊದಲು ನೀರನ್ನು ಕೊಟ್ಟವನನ್ನು ನೆನೆಯಬೇಕೆಂದು ಒಂದು ಕೀರ್ತನೆ ಶುರುಮಾಡಿದರು. ಕೀರ್ತನೆಯ ನಡುವೆ ಎರಡು ನಿಮಿಷ ಮುಗಿಯಿತು.

ಡೋರ್ಕಳ ಹೆಬ್ಬೆರಳು ಬೆಲ್ಲಿನ ಮೇಲೆ ಹೋಯಿತು, ನಿಂತಿತು, ಹಿಂದೆ ಬಂತು.

ಓಪುಂಡೊ ಮೂರನೇ ಬೆಂಚಿನಲ್ಲಿ ಬಾಯೊಳಗೇ ಎಣಿಸುತ್ತಿದ್ದ. ಎರಡು ನಿಮಿಷ ಹತ್ತು ಸೆಕೆಂಡು. ಎರಡು ನಲವತ್ತು. ಒಂದು ಕೀರ್ತನೆ ಮುಗಿಯುವ ಮೊದಲೇ ಮಾನ್ಯರ ಬೆರಳು ಮುಂದಿನ ಚೀಟಿಗೆ ಹೋಗುತ್ತಿತ್ತು. ಆಗ ಓಪುಂಡೊನಿಗೆ ಎಲ್ಲವೂ ಹೊಳೆಯಿತು. ಫೆಲಿಕ್ಸನಿಗೆ ಸಿದ್ಧಾಂತದ ಗೊಡವೆಯೇ ಇರಲಿಲ್ಲ. ಆರು ಪಂಗಡದಲ್ಲಿ ಯಾವ ಭಕ್ತನ ಕೈಗೆ ಬೆಲ್ಲು ಹೋದರೂ ದೇವರ ವಾಕ್ಯದ ಮಧ್ಯೆ ಆ ಕೈ ಬಾರಿಸದು. ಬಾರಿಸುವ ಕೈ ಊರಲ್ಲಿ ಒಂದೇ ಇತ್ತು, ಅದನ್ನು ಕಳಚಬೇಕಿತ್ತು. ತಾನೇ ಎರಡು ಬಿರುದಿನಾಸೆಗೆ ಅದನ್ನು ಕಳಚಿ ಫೆಲಿಕ್ಸನ ಕೈಗಿಟ್ಟಿದ್ದ. ಮೂರು ನಿಮಿಷ. ಮೂರೂವರೆ. ಅವನ ಹೆಬ್ಬೆರಳು ಮೊಣಕಾಲಿನ ಮೇಲೆ ತಾನಾಗಿ ಒತ್ತಿಕೊಳ್ಳುತ್ತಿತ್ತು. ಎದ್ದು ಹೋಗಿ ಬೆಲ್ಲು ಕಿತ್ತುಕೊಳ್ಳಲೇ ಎಂದು ಡೋರ್ಕಳನ್ನು ನೋಡಿದ.

ಡೋರ್ಕ ಅವನನ್ನು ನೋಡುತ್ತಿರಲಿಲ್ಲ. ಕಣ್ಣು ಅರೆಮುಚ್ಚಿ, ತುಟಿ ಅಲ್ಲಾಡಿಸುತ್ತಾ, ಮಾನ್ಯರ ಜೊತೆ ಕೀರ್ತನೆಯನ್ನು ಸಾಲು ಸಾಲಾಗಿ ಹೇಳಿಕೊಳ್ಳುತ್ತಿದ್ದಳು. ಮೂವತ್ತು ವರ್ಷ ಹಾಡಿದ ಸಾಲುಗಳು. ಒಂದು ಕಡೆ ಅವಳ ತುಟಿ ನಿಂತಿತು. ಮಾನ್ಯರ ತುಟಿ ನಿಲ್ಲಲಿಲ್ಲ. ಅದೇ ರಾಗದಲ್ಲಿ, ಕರುಣೆ, ಜಲಧಾರೆ, ತನ್ನ ಐದು ವರ್ಷದ ಸೇವೆ ಎಂದು ಮುಂದುವರಿಯಿತು.

ಟ್ರಿಣ್ ಟ್ರಿಣ್.

ಧ್ವನಿವರ್ಧಕದಲ್ಲಿ ಅದು ಚರ್ಚಿನ ಗಂಟೆಯಷ್ಟು ದೊಡ್ಡದಾಗಿ ಕೇಳಿಸಿತು. ಮಾನ್ಯರು, ದೇವರ ವಾಕ್ಯದ ನಡುವೆ ಬೆಲ್ಲೇನಮ್ಮ ಎಂದು ನೊಂದ ಧ್ವನಿಯಲ್ಲಿ ಕೇಳಿದರು.

"ದೇವರ ಮಾತು ಅಲ್ಲಿಗೇ ಮುಗೀತು ಸ್ವಾಮಿ" ಎಂದಳು ಡೋರ್ಕ, ಕೂತಲ್ಲಿಂದಲೇ. "ಈಗ ಹೇಳ್ತಿದ್ದದ್ದು ನಿಮ್ದು. ಕೂತ್ಕೊಳ್ಳಿ."

ಒಗಾಂಬಿ ಕೂತರು. ನ್ಯಾಂಡೆರೊ ಪೇಟೆಗೆ ಪೇಟೆಯೇ ಎದ್ದಿತು. ನೂರು ಸೈಕಲ್ಲಿನ ಬೆಲ್ಲು ಒಟ್ಟಿಗೆ ಮೊಳಗಿದವು, ಮೇಷ್ಟ್ರ ಚೌರಿ ಎಷ್ಟು ಸಲ ಬೀಸಿತೋ ಲೆಕ್ಕವಿಲ್ಲ, ರೇಡಿಯೊದವಳು ಮೈಕನ್ನು ಎತ್ತಿ ಹಿಡಿದು ನಗುತ್ತಿದ್ದಳು. ಓಪುಂಡೊ ಬೆಂಚಿನ ಮೇಲೆ ನಿಂತು ಕೂಗಿದ, ಕೆಳಗಿಳಿದು ಕೂಗಿದ, ಪಕ್ಕದಲ್ಲಿದ್ದ ಪಾದ್ರಿಯನ್ನು ತಬ್ಬಿಕೊಂಡ. ತಬ್ಬಿಕೊಂಡಾಗಲೇ ನೆನಪಾಯಿತು. ಅದು ತನ್ನ ಬೆಲ್ಲು. ತಾನೇ ಗ್ರೀಸು ಹಾಕಿದ್ದು. ತಾನಾಗಿದ್ದರೆ ಎರಡು ನಿಮಿಷಕ್ಕೆ ಸರಿಯಾಗಿ ಬಾರಿಸುತ್ತಿದ್ದ, ಅದೂ ನಿಜ. ಆದರೆ ಆಗ ಮಾನ್ಯರು, ನಾಸ್ತಿಕನೊಬ್ಬ ದೇವರ ಬಾಯಿ ಮುಚ್ಚಿಸಿದ ಎಂದು ಚುನಾವಣೆ ಮುಗಿಯುವವರೆಗೂ ಊರೂರಲ್ಲಿ ಅಳುತ್ತಿದ್ದರು. ಇದನ್ನು ಅವನು ಮನೆಗೆ ನಡೆಯುವ ದಾರಿಯಲ್ಲಿ ತನಗೆ ತಾನೇ ಒಪ್ಪಿಕೊಂಡ; ಡೋರ್ಕಳಿಗೆ ಇನ್ನೂ ಹೇಳಿಲ್ಲ.

ಸೋಮವಾರ ಅವನೇ ನಿರ್ಣಯ ತಂದ: ನಾಸ್ತಿಕತೆ ಸಿದ್ಧಾಂತವಲ್ಲ, ಬೆಲ್ಲು ವಾಪಸು ಕೊಡತಕ್ಕದ್ದು. ಮಾತಾಡಲು ಎದ್ದ. ಬಿರುದುಗಳನ್ನೆಲ್ಲ ಬಿಟ್ಟು ನೇರ ವಿಷಯಕ್ಕೆ ಬಂದ. ದಂಡಿನಲ್ಲಿರುವುದು ತಾನೊಬ್ಬನೇ ಎಂದೂ ಗಂಟಲು ಸರಿಮಾಡಿಕೊಂಡು ಹೇಳಿದ. ಜನ ಮೆಚ್ಚಿದರು. ವಾದ ಇನ್ನೇನು ಶಿಖರಕ್ಕೆ ಹತ್ತಬೇಕು, ಟ್ರಿಣ್ ಟ್ರಿಣ್. ನಿರ್ಣಯ ಮುಂದಿನ ಸೋಮವಾರಕ್ಕೆ ಹೋಯಿತು, ಅಲ್ಲಿಂದ ಅದರ ಮುಂದಿನದಕ್ಕೆ.

ಈಗಲೂ ನಾಲ್ಕು ಗಂಟೆಗೆ ಹೋದರೆ ನೋಡಬಹುದು. ಮೂರನೇ ಬೆಂಚಿನ ತುದಿಯಲ್ಲಿ ಓಪುಂಡೊ, ಕೈ ಮೊಣಕಾಲಿನ ಮೇಲೆ. ಯಾರೇ ಮಾತಾಡುತ್ತಿರಲಿ, ಎರಡು ನಿಮಿಷಕ್ಕೆ ಸರಿಯಾಗಿ ಅವನ ಹೆಬ್ಬೆರಳು ಬರೀ ಗಾಳಿಯನ್ನು ಎರಡು ಸಲ ಒತ್ತುತ್ತದೆ. ಹೆಚ್ಚಿನ ದಿನ ಆ ಕಡೆಯಿಂದ ಡೋರ್ಕಳ ಬೆಲ್ಲೂ ಅದೇ ಹೊತ್ತಿಗೆ ಮೊಳಗುತ್ತದೆ. ಒಂದೆರಡು ಸೆಕೆಂಡು ಹಿಂದೆ ಮುಂದೆ ಆದ ದಿನ, ಅವರ ಮನೆಯಲ್ಲಿ ಊಟದ ಹೊತ್ತಿಗೆ ಚರ್ಚೆಯಿರುತ್ತದೆ.